ಹನ್ನೊಂದನೇ ಗುಂಡಿ

ಗುರುವಾರ ಅಂದರೆ ಈಜುಕೊಳ.
ಈಜುಕೊಳ ಅಂದರೆ ಒಂಬತ್ತನೇ ನಂಬರಿನ ಟ್ರ್ಯಾಮು,
ಹಿಂದಿನ ಬೋಗಿ, ಬಾಗಿಲ ಪಕ್ಕದ ಸೀಟು,
ಹನ್ನೊಂದು ನಿಲ್ದಾಣ.
ಓಸ್ಮೊ ಎಣಿಸುತ್ತಾನೆ, ಬಾಯಲ್ಲಲ್ಲ,
ನನ್ನ ಕೋಟಿನ ಗುಂಡಿಗಳಲ್ಲಿ.

ಕೋಟಿಗಿದ್ದದ್ದು ಎಂಟೇ ಗುಂಡಿ.
ಉಳಿದ ಮೂರನ್ನು ನಾನೇ ಹೊಲಿದೆ
ಒಳಮಗ್ಗುಲಿಗೆ, ಸಿಕ್ಕ ಬಣ್ಣದ ದಾರದಲ್ಲಿ.
"ಏನಮ್ಮ ಇದು ಅವತಾರ" ಅಂದಳು ಮಿರ್ಯಾ.
ಎಂಟರಾಚೆಗೆ ನಿನ್ನ ಮಗ ಎಲ್ಲಿ ಕಾಲಿಡಬೇಕು ಹೇಳು, ಅಂದೆ.

ಮೊದಲ ವಾರ ಕೊಳದ ಬಾಗಿಲು ಮುಟ್ಟಿ ವಾಪಸ್ಸು.
ಎರಡನೇ ವಾರ ಬೂಟು ಬಿಚ್ಚಿ, ಮತ್ತೆ ಹಾಕಿಕೊಂಡು ವಾಪಸ್ಸು.
ಕೈ ಒಣಗಿಸುವ ಯಂತ್ರ ಒಮ್ಮೆ ಗುರ್ರೆಂದಿದ್ದಕ್ಕೆ
ಮತ್ತೆ ಬಾಗಿಲಿನಿಂದಲೇ ಶುರು.
ನೀರಿಗೆ ಕಾಲು ತಾಗಿದ್ದು ಏಳನೇ ವಾರ.

ಅವನ ಕುತ್ತಿಗೆಯ ಪಟ್ಟಿಯಲ್ಲಿ ಚಿತ್ರದ ಚೀಟಿಗಳು:
ಬೂಟು. ಟ್ರ್ಯಾಮು. ನೀರು. ಏಲಕ್ಕಿ ಬನ್ನು. ಮನೆ.
ಒಂದೊಂದು ಮುಗಿದ ಹಾಗೆ ಪರ್ರನೆ ಕಿತ್ತು ಜೇಬಿಗೆ.
ಆ ಸದ್ದೇ ಅವನಿಗೆ ಪೂರ್ಣವಿರಾಮ.

ಫೆಬ್ರವರಿ. ಮೈನಸ್ ಹದಿನಾಲ್ಕು.
ಹೆಲ್ಸಿಂಕಿಯ ನೆಲದಡಿ ಎಲ್ಲೋ ನೀರಿನ ಕೊಳವೆ ಒಡೆದು
ಐದನೇ ಗುಂಡಿ ಆದಮೇಲೆ
ಬಲಕ್ಕೆ ತಿರುಗಬೇಕಾದ ಟ್ರ್ಯಾಮು
ಎಡಕ್ಕೆ ತಿರುಗಿತು.

ಅಷ್ಟೇ. ಪೇಪರಿಗೆ ಬರುವಂಥದ್ದಲ್ಲ.
ಯಾರೂ ಫೋನಿನಿಂದ ತಲೆ ಎತ್ತಲಿಲ್ಲ.
ಟ್ರ್ಯಾಮು ಹಳಿಯ ಮೇಲೇ ಇತ್ತು;
ಹಳಿ ತಪ್ಪಿದ್ದು ಅವನ ಊರು.

ಅದನ್ನು ಕೂಗು ಅನ್ನಲೂ ಆಗದು.
ಹಣೆಯನ್ನು ಕಿಟಕಿಗೆ ಬಡಿದುಕೊಂಡ, ಒಂದು, ಎರಡು,
ನಡುವೆ ನನ್ನ ಅಂಗೈ ತೂರಿಸಿದೆ, ಮೂರು.
"ಏನೂ ಆಗಿಲ್ಲ ಮರೀ" ನಾಲಿಗೆಯ ತುದಿಗೆ ಬಂದಿತ್ತು.
ನುಂಗಿಕೊಂಡೆ. ಆಗಿತ್ತಲ್ಲ!
ಕಣ್ಣೆದುರೇ ಆದದ್ದನ್ನು ಆಗಿಲ್ಲ ಎನ್ನುವ ಅಜ್ಜಿಯನ್ನು
ಮಗು ಯಾವ ಗುಂಡಿಯಲ್ಲಿ ಎಣಿಸಬೇಕು?

"ಎಡಕ್ಕೆ ತಿರುಗಿತು," ಅಂದೆ. "ಹೌದು. ಎಡಕ್ಕೆ ತಿರುಗಿತು."
ನೋಯುವ ಮಂಡಿ ಮಡಚಿ ನೆಲದಲ್ಲಿ ಕೂತೆ,
ಕರಗಿದ ಹಿಮದ ಕೊಚ್ಚೆಯಲ್ಲಿ, ಅವನಿಗಿಂತ ತಗ್ಗಾಗಿ.

ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಹೊರಟಿದ್ದ ಮುದುಕನೊಬ್ಬ
ಎದ್ದ. ಬಕೆಟ್ಟು ಕೆಳಗಿಟ್ಟ.
ನಮಗೆ ಬೆನ್ನು ಹಾಕಿ ನಿಂತ.
ಅಸಹ್ಯಪಟ್ಟ ಅಂದುಕೊಂಡೆ. ಅಲ್ಲ,
ಆ ಅಗಲ ಕೋಟು ಇಡೀ ಬೋಗಿಯ ಕಣ್ಣುಗಳಿಗೆ ಅಡ್ಡಗೋಡೆ.
ಬೆನ್ನು ತೋರಿಸಿಯೂ ಬೆನ್ನಿಗೆ ನಿಲ್ಲಬಹುದೆಂದು
ಅರವತ್ತೆಂಟನೇ ವಯಸ್ಸಿಗೆ ತಿಳಿಯಿತು ನನಗೆ.

ಕೊಳಕ್ಕೆ ಹೋಗಲಿಲ್ಲ ಅವತ್ತು. ಬನ್ನೂ ಇಲ್ಲ.
ಗುರುತಿಲ್ಲದ ನಿಲ್ದಾಣದಲ್ಲಿ ಇಳಿದು ನಡೆದೆವು,
ಒಂದು ಗಂಟೆ ಹತ್ತು ನಿಮಿಷ, ಕಿವಿಗೆ ಹೆಡ್‌ಫೋನು,
ಕೋಟಿನೊಳಗೆ ಕೈ ತೂರಿಸಿ ಹನ್ನೊಂದನೇ ಗುಂಡಿ ಹಿಡಿದುಕೊಂಡೇ.
ದಾರ ಹರಿಯಿತು. ಗುಂಡಿ ಅವನ ಮುಷ್ಟಿಯಲ್ಲಿ ಉಳಿಯಿತು.

ಮಿರ್ಯಾ ರಾತ್ರಿಪಾಳಿಗೆ ಹೋದ ಮೇಲೆ
ಹೊಸ ಚೀಟಿಯಲ್ಲಿ ಬರೆದೆ: ಎಡಕ್ಕೆ ಬಾಗಿದ ಹಳಿ.
ಪಕ್ಕಕ್ಕೊಂದು ನಗುಮುಖ ಬರೆಯಹೋಗಿ ಬಿಟ್ಟೆ.
ಪಟ್ಟಿಗೆ ಅಂಟಿಸಿದೆ. ಕಿತ್ತು ಎಸೆದ.
ಮರುದಿನವೂ. ಮಾರ್ಚ್ ಪೂರ್ತಿ.

ಈಗ ಏಪ್ರಿಲ್. ಕೊಲ್ಲಿಯ ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿದೆ.
ಗುರುವಾರ ಹೊಸ್ತಿಲಲ್ಲಿ ಕೇಳುತ್ತಾನೆ: "ಬಲಕ್ಕೆ?"
"ಬಲಕ್ಕೇ ಇರಬಹುದು."
'ಇರಬಹುದು' ಅವನಿಗೆ ಅರೆಬೆಂದ ಆಲೂಗಡ್ಡೆ.
ಅಗಿಯುತ್ತಾನೆ. ಕೆಲವು ದಿನ ಉಗಿಯುತ್ತಾನೆ,
ಆ ದಿನ ನಾವು ಮನೆಯಲ್ಲೇ.

ನಿನ್ನೆ ಆಸ್ಪತ್ರೆಯ ಕಾಗದ ಬಂತು, ನನ್ನ ಮಂಡಿಯದ್ದು.
ಅಡುಗೆಮನೆಯ ಸ್ಟೂಲಿನಲ್ಲಿ ಕೂತು
ಓದಿದ್ದನ್ನೇ ಓದುತ್ತಿದ್ದೆ, ಕಾಫಿ ಆರಿತ್ತು.
ಬೆನ್ನ ಹಿಂದೆ ಪರ್ರೆಂಬ ಸದ್ದು.
ಎಡಕ್ಕೆ ಬಾಗಿದ ಹಳಿಯನ್ನು ಮೇಜಿನ ಮೇಲಿಟ್ಟ,
ನನ್ನ ಮುಖ ನೋಡದೆ.
ಹೊರಟವನು ನಿಂತ. ಜೇಬು ತಡಕಿದ.
ಅದರ ಪಕ್ಕಕ್ಕೆ ಗುಂಡಿ.