ಹನಿ ಲೆಕ್ಕ

ಮೊದಲು ನಲ್ಲಿ ಕೆಮ್ಮಿತು.
ಆಮೇಲೆ ಒಂದು ಚಿಟಿಕೆ ಮರಳು.
ಒಫೀಲಿಯಾ ಮುಟ್ಟಿ ನೋಡಿದಳು: ಬೆಚ್ಚಗಿತ್ತು.

ಬೋರ್ ಕೊರೆಯುವವನ ಪಟ್ಟಿಯಲ್ಲಿ
ಅವಳದು ನೂರಾ ನಲವತ್ತನೆಯ ಹೆಸರು.
ರಸ್ತೆಯಾಚೆಯ ಬಾದಾಮಿ ತೋಟಕ್ಕಾಗಿ ಅವನು
ಸಾವಿರದಿನ್ನೂರು ಅಡಿ ಇಳಿದು ಮೂರು ವಾರ.
ಅಂದಿನಿಂದ ಟುಲೇರಿಯ ಈ ಓಣಿಯಲ್ಲಿ
ನೆಲವೂ ಬೆರಳಷ್ಟು ಕುಸಿದಿದೆ,
ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ.

ಹನಿ ಕೂಡಿದರೆ ಹಳ್ಳವಂತೆ.
ಇಲ್ಲಿ ಹನಿ ಕೂಡಿದರೆ ಬಾದಾಮಿ.

ರಾತ್ರಿ ಕೆಟಲ್ ಹಿಡಿದು ಬೇಲಿ ನುಸುಳಿ
ಕಪ್ಪು ಪೈಪಿನ ತೂತಿನಡಿ ಇಟ್ಟು
ಎಣಿಸುತ್ತ ಕೂತಳು. ನಾನೂರ ಹನ್ನೆರಡು, ಹದಿಮೂರು...

ಟಾರ್ಚು.
"ಯಾರದು?"
ಕಾವಲಿನ ದನಿ. ತಂಗಿಯ ಮಗ ಎಫ್ರಾಯಿನ್‌ನದು.

ಬೆಳಕು ಕೆಟಲಿನ ಮೇಲೆ ತುಸು ನಿಂತು
ಆರಿತು.
ಪಕ್ಕದ ಗಿಡದ ಬುಡದಲ್ಲಿ
ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು.

ಎಣಿಕೆ ತಪ್ಪಿತ್ತು.
ಮತ್ತೆ ಒಂದರಿಂದ.