ಮರುವಾಯಿ ಚಿಪ್ಪಿನಲ್ಲಿ ಸ್ಕ್ರೂಗಳು

ಮೊದಲು ವಯರು ಕೀಳು. ಸ್ವಿಚ್ಚು ಬಂದ್ ಮಾಡಿದ್ದೇನೆ
ಅನ್ನುವವರನ್ನು ನಂಬಬೇಡ, ಗೋಡೆಯಿಂದಲೇ ಕೀಳು.
ಆಮೇಲೆ ಎದುರಿನ ಗುಂಡಿಯನ್ನು ಒತ್ತಿ ಹಿಡಿ,
ಇಪ್ಪತ್ತು ಎಣಿಸುವ ತನಕ.
ಸತ್ತದ್ದನ್ನು ಒತ್ತುವುದೆಂಥದು ಅಂತ ನಾನೂ ನಕ್ಕಿದ್ದೆ;
ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.
ಉಳಿದದ್ದು ಹೋಗಲಿಕ್ಕೆ ಅಷ್ಟು ಹೊತ್ತು ಬೇಕು ವಾರಿಜಕ್ಕ,
ಅಂದರು ಸಿಪ್ರಿಯನ್ ಪೊರ್ಬುಗಳು.

ಬೈಕಂಪಾಡಿಯ ಈ ಶೆಡ್ಡಿಗೆ ಸೇರಿ ಮೂರು ವರ್ಷ.
ಅದಕ್ಕೆ ಮುಂಚೆ ಇಪ್ಪತ್ತೆಂಟು ವರ್ಷ
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಬೀಡಿ.
ಕೈ ಅದೇ, ತಾಹಿರಾ.
ಎಲೆಯ ನರ ಯಾವ ಕಡೆಗೆ ಅಂತ ಗೊತ್ತಿದ್ದ ಬೆರಳಿಗೆ
ಈಗ ಪಟ್ಟಿ ಕೇಬಲ್ಲಿನ ಕೆಂಪು ಗೀಟು ಯಾವ ಕಡೆಗೆ ಅಂತ ಗೊತ್ತು.

ಬಳೆ ತೆಗೆದಿಡು. ನೈಲಾನ್ ಶಾಲೂ ಬೇಡ.
ತಗಡನ್ನು ಒಮ್ಮೆ ಮುಟ್ಟಿಯೇ ಒಳಗೆ ಕೈ ಹಾಕು,
ಬೇರೆಯವರ ಜಗಲಿ ಹತ್ತುವಾಗ ಕೆಮ್ಮುತ್ತೇವಲ್ಲ, ಹಾಗೆ.
ಸ್ಕ್ರೂಗಳಿಗೆ ಚಿಪ್ಪು ಇಟ್ಟಿದ್ದೇನೆ.
ಆದಿತ್ಯವಾರ ಮರುವಾಯಿ ಸುಕ್ಕ ಮಾಡಿದ್ದು, ತೊಳೆದು ಒಣಗಿಸಿ ತಂದೆ.
ದಪ್ಪ ಎಳೆಯದ್ದು ಇದರಲ್ಲಿ, ಸಣ್ಣದು ಅದರಲ್ಲಿ,
ಬೆರೆಸಿದೆಯೋ, ಸಂಜೆಗೆ ಕಣ್ಣು ಹೋಯಿತು.
ಉಪ್ಪುಗಾಳಿಗೆ ಕೆಲವು ಕಚ್ಚಿಕೊಂಡಿರುತ್ತವೆ.
ಒಂದು ಹನಿ ಎಣ್ಣೆ ಬಿಡು, ಚಾ ಕುಡಿದು ಬಾ.
ಜೋರು ಮಾಡಿದರೆ ತಲೆ ಸವೆಯುತ್ತದೆ,
ಸ್ಕ್ರೂವಿನದ್ದೂ.

ಒಳಗೆ ಅಗರಬತ್ತಿಯ ಜಿಡ್ಡು, ಹಲ್ಲಿಯ ಮೊಟ್ಟೆಯ ಓಡು ಎರಡು,
ಯಾರದೋ ಸೇಫ್ಟಿ ಪಿನ್ನು.
ನಾಲ್ಕಾಣೆಯಷ್ಟಗಲದ ಬ್ಯಾಟರಿ ಬಾಟ್ಲಿಗೆ, ಮುಚ್ಚಳ ಬಿಗಿಯಾಗಿ,
ಮಕ್ಕಳು ನುಂಗಿದರೆ ಹೊಟ್ಟೆ ಸುಡುತ್ತದೆ.
ಮೂಲೆಯಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ ಉಂಟಲ್ಲ, ಕರೆಂಟಿನದ್ದು,
ಅದನ್ನು ಮಾತ್ರ ತೆರೆಯಬೇಡ, ಇಡಿಯಾಗಿಯೇ ತೂಕಕ್ಕೆ ಹಾಕು.
ವಯರು ಕಿತ್ತು ಎಷ್ಟೋ ಹೊತ್ತಾದರೂ ಅದಕ್ಕೆ ಸಿಟ್ಟು ಇಳಿದಿರುವುದಿಲ್ಲ.
ಅಂಥ ಮನುಷ್ಯರೂ ಉಂಟು, ಹೆಸರು ಹೇಳುವುದಿಲ್ಲ.

ಬೋರ್ಡಿನ ಅಂಚಿನ ಚಿನ್ನಕ್ಕೆ ರೇಟು ಕೇಳಿಕೊಂಡು
ಮೊನ್ನೆಯೂ ಒಬ್ಬ ಬಂದಿದ್ದ, ಆಸಿಡ್ಡಿನ ಕ್ಯಾನು ಸ್ಕೂಟರಿನಲ್ಲೇ.
ಪೊರ್ಬುಗಳು ಗೇಟು ತೋರಿಸಿದರು.
ವಯರು ಸುಟ್ಟು ತಾಮ್ರ ತೆಗೆಯುತ್ತಿದ್ದ ಕಾಲದ ಕೆಮ್ಮು
ಅವರಿಗೆ ಇನ್ನೂ ಬಿಟ್ಟಿಲ್ಲ.

ಈಗ ಈ ಏಳನೆಯದ್ದು.
ಬೆನ್ನು ನೋಡಿದ ಕೂಡಲೇ ಗೊತ್ತಾಯಿತು ನನಗೆ.
ನಮ್ಮ ಬೀಡಿ ಬ್ರಾಂಚಿನದ್ದು.
ಕಿಟಕಿಯ ಆಚೆ ರೈಟರ್ ವಾಮನಣ್ಣ, ಈಚೆ ನಾವು ಸಾಲಾಗಿ.
ಪರದೆ ಅವನಿಗೆ, ಬೆನ್ನು ನಮಗೆ,
ಬಿಸಿ ಗಾಳಿ ಮುಖಕ್ಕೆ.
ಸಾವಿರಕ್ಕೆ ನೂರಿಪ್ಪತ್ತು ರಿಜೆಕ್ಟ್, ಅನ್ನುತ್ತಿದ್ದ.
ನಾನಲ್ಲ, ಕಂಪ್ಯೂಟರ್ ಹೇಳುತ್ತದೆ.
ಅದು ಏನು ಹೇಳಿತೆಂದು ಒಂದು ದಿನವೂ ನಾವು ಕೇಳಿಸಿಕೊಳ್ಳಲಿಲ್ಲ.

ಡಿಸ್ಕಿಗೆ ನಿಯಮ ಒಂದೇ: ಕನ್ನಡಕ ಹಾಕು, ಕ್ಲ್ಯಾಂಪು ಬಿಗಿ,
ಡ್ರಿಲ್ಲಿನಲ್ಲಿ ಮೂರು ತೂತು.
ಯಾರ ಲೆಕ್ಕವೂ ಈ ಗೇಟಿನಿಂದ ಆಚೆ ಹೋಗಬಾರದು.
ತೂತು ಹೊಡೆಯುವ ಆಸೆ ನನಗಿಂತ ಯಾರಿಗೆ ಇರಬೇಕು?
ಆದರೆ ಪಿ.ಎಫ್. ಆಫೀಸಿನಲ್ಲಿ ನನ್ನ ನಾಲ್ಕು ವರ್ಷ ಕಾಣೆ.
ದಾಖಲೆ ಇಲ್ಲ ಅಂದರು. ಇದ್ದರೆ ಇದರಲ್ಲೇ ಇರಬೇಕು,
ಆ ರಿಜೆಕ್ಟಿನ ಜೊತೆಗೆ.

ಬ್ರಾಂಚಿನ ಯಜಮಾನರಿಗೆ ಕಾಗದ ಬರೆಯುತ್ತೇನೆ,
ಅವರು ಒಪ್ಪಿದರೆ ನೋಡುವ, ಅಂದಿದ್ದಾರೆ ಪೊರ್ಬುಗಳು.
ಸೋಮವಾರದ ತನಕ ಅದು ಬೀರುವಿನಲ್ಲಿ, ಬೀಗ ಹಾಕಿ.
ನಿಯಮ ನನ್ನಿಂದ ಕಲಿ ತಾಹಿರಾ,
ಈ ಕಾಯುವುದನ್ನು ಕಲಿಯಬೇಡ.

ಚಿಪ್ಪು ಈ ಕಡೆ ತಾ, ಎಣಿಸುವ.
ದಪ್ಪದ್ದು ಹದಿನಾಲ್ಕು, ಸಣ್ಣದು ಒಂಬತ್ತು.
ತುಕ್ಕು ಹಿಡಿದದ್ದನ್ನೂ ಲೆಕ್ಕಕ್ಕೆ ಹಿಡಿ.
ಇಪ್ಪತ್ತಮೂರು. ಬರೆದುಕೋ.
ರಿಜೆಕ್ಟ್ ಇಲ್ಲ.