ಮುಳ್ಳಿಲ್ಲದ ತಕ್ಕಡಿ

ತರಗುಪೇಟೆಯಲ್ಲಿ, ಮೆಣಸಿನಕಾಯಿ ಮಂಡಿಯ
ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಅಂಗಡಿ ಅಂದರೆ ಒಂದು ಬಾಗಿಲು, ನಾಲ್ಕು ಅರ,
ಮೊಳೆಗೆ ನೇತುಬಿದ್ದ ಹದಿನೇಳು ತಕ್ಕಡಿ.
ನಲವತ್ತೊಂದು ವರ್ಷ ಈ ಪೇಟೆಯ ಸುಳ್ಳನ್ನು
ಉಜ್ಜಿ ಉಜ್ಜಿ ತೆಗೆದವನು,
ಮೌನಾಚಾರಿ.

ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣು,
ಹೊಟ್ಟೆ ಕೊರೆದು ಮೇಣ ತುಂಬಿದ ಬಟ್ಟು,
ತಾಗಿಯೂ ತಾಗದಂತೆ ಕೂತ ಕಿರುಬೆರಳು,
ಎಲ್ಲಾ ಬಲ್ಲೆ.

ಈಗ ನನ್ನ ತೋಳಿಗೇ ಒಂದು ಪಟ್ಟಿ.
ಗುಂಡಿ ಒತ್ತಿದರೆ ಗುರ್ರೆಂದು ಉಬ್ಬುತ್ತದೆ,
ಸಾಲ ವಸೂಲಿಗೆ ಬಂದವನ ಹಾಗೆ ರೆಟ್ಟೆ ಹಿಡಿದು
ಸ್ವಲ್ಪ ಹೊತ್ತು ಯೋಚಿಸಿ
ಬಿಡುತ್ತದೆ. ಫೋನಿನಲ್ಲಿ ಎರಡು ಅಂಕಿ.
ಮೇಲಿನದು ನೂರ ಅರವತ್ತೆರಡು.
ಕೆಳಗಿನದು ತೊಂಬತ್ತೆಂಟು.
ಬಣ್ಣ ಕೆಂಪು.

ಆ್ಯಪು ಹಾಕಿಕೊಟ್ಟವಳು ನರ್ಸ್ ನಾಜ್ನೀನ್.
"ಬೆಳಿಗ್ಗೆ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ ಆಚಾರ್ರೇ,
ಕಾಲ ಮೇಲೆ ಕಾಲು ಬೇಡ, ಮಾತಾಡ್ಬೇಡಿ.
ಅಂಕಿ ಬಂದ್ಮೇಲೆ ಈ ಗುಂಡಿ, ನನಗೆ ಬಂತು ಅಂತ್ಲೇ ಲೆಕ್ಕ."
ಮಾತಾಡಬೇಡಿ ಅಂದದ್ದು ಮೌನಾಚಾರಿಗೆ!
ಹೆಂಡತಿ ಎರಡು ದಿನ ನಕ್ಕಳು.

ನಾನು ಕೇಳಿದ್ದು ಒಂದೇ:
ಇದಕ್ಕೆ ಮುದ್ರೆ ಹೊಡೆದವರು ಯಾರಮ್ಮ?
ತಿರುಗಿಸಿ ನೋಡಿದೆ. ಬ್ಯಾಟರಿಯ ಬಾಗಿಲಿದೆ,
ಸೀಸದ ಮುದ್ರೆಯಿಲ್ಲ. ನಡುವೆ ನಿಂತು
ನ್ಯಾಯ ಹೇಳುವ ಮುಳ್ಳೂ ಇಲ್ಲ.

ಹಾಗಾಗಿ ದಿನಾ ಮೂರು ಸಲ ತೂಗಿದೆ.
ಮೊದಲದು ಅರವತ್ತು, ಆಮೇಲಿನದು ಐವತ್ತೊಂದು,
ಮೂರನೆಯದಕ್ಕೆ ಮುಂಚೆ ಒಂದು ಲೋಟ ನೀರು,
ಅಣ್ಣಮ್ಮನಿಗೊಂದು ಕೈಮುಗಿತ,
ಮೂವತ್ತೆಂಟು!
ಮೊದಲೆರಡನ್ನು ಅಳಿಸುವುದು ಹೇಗೆಂದು
ಜೀರಿಗೆ ಅಂಗಡಿಯ ಹುಡುಗ ತೋರಿಸಿಕೊಟ್ಟಿದ್ದ.
ಕಳಿಸಿದ್ದು ಮೂರನೆಯದನ್ನು.

ರಾತ್ರಿ ಎಂಟಕ್ಕೆ ಫೋನು ಕೇಳುತ್ತದೆ:
ಇಂದು ಉಪ್ಪು ಕಡಿಮೆ ಮಾಡಿದಿರಾ?
'ಹೌದು' ಒತ್ತುತ್ತೇನೆ.
ಗಾಜಿನ ಮೇಲೆ 'ಹೌದು' ಇರುವ ಜಾಗದಲ್ಲಿ ಮಾತ್ರ
ಉಪ್ಪಿನಕಾಯಿ ಎಣ್ಣೆಯ ಕಲೆ.

ಒಂದು ತಿಂಗಳಾಗಿತ್ತು. ನಾಜ್ನೀನ್ ಫೋನು ಮಾಡಿದಳು.
"ಎಷ್ಟು ಚೆನ್ನಾಗಿ ಇಳಿದಿದೆ ಆಚಾರ್ರೇ!
ಒಂದು ಮಾತ್ರೆ ನಿಲ್ಲಿಸೋಣ ಅಂತಿದಾರೆ ಡಾಕ್ಟ್ರು."

ಎದುರಿಗೆ ಲಾರಿಯಿಂದ ಮೂಟೆ ಇಳಿಯುತ್ತಿತ್ತು.
ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಅನ್ನಬಹುದು.
ಹಿಂದೊಮ್ಮೆ ಬೆಲ್ಲದ ಮಂಡಿಯವನು ಬಂದಿದ್ದ,
"ಹೆಚ್ಚೇನಿಲ್ಲ, ಒಂದು ಐವತ್ತು ಗ್ರಾಮು, ಯಾರಿಗೆ ತಿಳಿಯುತ್ತೆ."
ಅವನ ತಕ್ಕಡಿಯನ್ನು ಅವನ ಕಾಲ ಬುಡದಲ್ಲಿಟ್ಟು
ಬಾಗಿಲು ಎಳೆದುಕೊಂಡಿದ್ದೆ.

"ಬೇಡಮ್ಮ," ಅಂದೆ. "ನಿಲ್ಲಿಸಬೇಡಿ.
ಬೆರಳಿಟ್ಟಿದ್ದೆ."
ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ.
ಬಯ್ಯುತ್ತಾಳೆ ಅಂದುಕೊಂಡಿದ್ದೆ.
ಸುಮ್ಮನಿದ್ದಳು, ಆಮೇಲೆ, "ಮೂರೂ ಕಳಿಸಿ," ಅಂದಳು.
"ಸರಾಸರಿ ನಾವು ತೆಗೀತೀವಿ. ಕೆಂಪಾದ್ರೆ ಆಗ್ಲಿ."

ಇವತ್ತು ಕೆಂಪು, ಕೆಂಪು, ಸ್ವಲ್ಪ ಕಡಿಮೆ ಕೆಂಪು.
ಮೂರನ್ನೂ ಕಳಿಸಿ ಪಟ್ಟಿ ಬಿಚ್ಚುತ್ತಿದ್ದೆ,
ಒಳಗಿಂದ ಸೆರಗಲ್ಲಿ ಕೈ ಒರೆಸುತ್ತ ಬಂದವಳು
"ನನ್ನನ್ನೂ ಒಂದ್ಸಲ ತೂಗಿ ನೋಡಿ," ಎಂದು
ಬಳೆ ಮೇಲೆ ಸರಿಸಿ ತೋಳು ಚಾಚಿದಳು, ಇನ್ನೂ ನಗುತ್ತ.

ನೂರ ಎಂಬತ್ತನಾಲ್ಕು.
ಇನ್ನೊಮ್ಮೆ. ನೂರ ಎಂಬತ್ತೊಂದು.

ಫೋನು ಕೇಳಿತು: ಈ ಅಂಕಿ ನಿಮ್ಮದೇ?
ಇಲ್ಲ, ಒತ್ತಿದೆ.
ಹಾಗಾದರೆ ಯಾರದು, ಹೆಸರು ಬರೆಯಿರಿ.

ಮೂವತ್ತಾರು ವರ್ಷದಲ್ಲಿ ಈ ಹೆಸರನ್ನು
ಬರೆದದ್ದು ರೇಷನ್ ಕಾರ್ಡಿನ ಅರ್ಜಿಯಲ್ಲಿ ಒಂದೇ ಸಲ.
ಕೂಗುವುದು 'ಇವಳೇ' ಅಂತ.
"ಅನ್ನ ತಳ ಹಿಡಿಯುತ್ತೆ, ಬಿಡಿ ಅದನ್ನ," ಅನ್ನುತ್ತಾಳೆ.
ಅಲ್ಲಾಡಬೇಡ, ಮಾತಾಡಬೇಡ, ಅನ್ನುತ್ತೇನೆ.
ಅರ ಹಿಡಿದು ದಪ್ಪಗಾದ ಬೆರಳು
'ಪಂಕಜಾ' ತನಕ ಬಂದು ನಿಂತಿದೆ.
ಈ ಹಾಳು ಕೀಲಿಮಣೆಯಲ್ಲಿ
'ಕ್ಷ' ಎಲ್ಲಿಟ್ಟಿದ್ದಾರೋ.